ದೂರದರ್ಶನದ ಹಣ ಮತ್ತು ಪಾಲಿನ ನ್ಯಾಯ: ಇಂಗ್ಲೆಂಡಿನ ಕಾಲ್ಚೆಂಡಾಟದ ಇತಿಹಾಸ ಕುರಿತು ಒಂದು ವಿಮರ್ಶೆ

೧

ಇತಿಹಾಸದ ಕಾಲವಿಭಾಗವು ಕೇವಲ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು ಎಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಆದರೆ ಗಡಿಗಲ್ಲನ್ನು ಎಲ್ಲಿ ನೆಡುತ್ತೇವೆಂಬುದು ಅಷ್ಟು ನಿರಪಾಯವಾದ ಸಂಗತಿಯಲ್ಲ. ಕಲ್ಲಿನ ಈಚೆಗೆ ಬಿದ್ದದ್ದು ಇತಿಹಾಸವೆನಿಸಿಕೊಳ್ಳುತ್ತದೆ. ಆಚೆಗೆ ಬಿದ್ದದ್ದು ಪುರಾಣವೆನಿಸಿಕೊಳ್ಳುತ್ತದೆ, ಇಲ್ಲವೆ ಮರೆತೇ ಹೋಗುತ್ತದೆ. ಇಂಗ್ಲೆಂಡಿನ ಕಾಲ್ಚೆಂಡಾಟದ ಇತಿಹಾಸದಲ್ಲಿ ೧೯೯೨ನೆಯ ಇಸವಿಯು ಅಂಥದೊಂದು ಗಡಿಗಲ್ಲಾಗಿ ನಿಂತಿದೆ. ಆ ವರ್ಷ ಮೊದಲನೆಯ ವಿಭಾಗದ ೨೨ ಕ್ಲಬ್ಬುಗಳು ಹಳೆಯ ಫುಟ್‌ಬಾಲ್ ಲೀಗನ್ನು ತೊರೆದು ಪ್ರೀಮಿಯರ್ ಲೀಗನ್ನು ಕಟ್ಟಿಕೊಂಡವು. ಉಪಗ್ರಹ ದೂರದರ್ಶನದ ಹಣ ಆಟದೊಳಕ್ಕೆ ಹರಿದುಬಂದಿತು. ಅಂದಿನಿಂದ ದಾಖಲೆಗಳನ್ನು ಕೂಡ ಆ ವರ್ಷದಿಂದಲೇ ಎಣಿಸುವ ರೂಢಿ ಬೆಳೆದಿದೆ. ಪ್ರೀಮಿಯರ್ ಲೀಗಿನಲ್ಲಿ ೨೬೦ ಗೋಲು ಹೊಡೆದ ಅಲನ್ ಷಿಯರರನ ಹೆಸರು ಎಲ್ಲರ ನಾಲಗೆಯ ಮೇಲಿದೆ. ೧೯೫೭ರಿಂದ ೧೯೭೧ರವರೆಗೆ ಅದೇ ಮೇಲಿನ ವಿಭಾಗದಲ್ಲಿ ೩೫೭ ಗೋಲು ಹೊಡೆದ ಜಿಮ್ಮಿ ಗ್ರೀವ್ಸನು ಮಾತ್ರ ಈ ಎಣಿಕೆಯ ಹೊರಗೆ ಉಳಿದಿದ್ದಾನೆ.

ದೂರದರ್ಶನದ ಹಣವನ್ನು ಕುರಿತು ಬರೆಯುವವರಲ್ಲಿ ಎರಡು ಪಂಗಡಗಳುಂಟು. ಸೊರಗಿಹೋಗಿದ್ದ ಆಟವನ್ನು ಆ ಹಣವೇ ಎತ್ತಿ ನಿಲ್ಲಿಸಿತೆಂದು ಒಂದು ಪಂಗಡ ಹೊಗಳುತ್ತದೆ. ಜನರ ಆಟವಾಗಿದ್ದುದನ್ನು ಆ ಹಣವು ಅಂಗಡಿಯ ಸರಕಾಗಿ ಮಾಡಿತೆಂದು ಇನ್ನೊಂದು ಪಂಗಡ ಮರುಗುತ್ತದೆ. ತೀರ್ಪಿನಲ್ಲಿ ಪರಸ್ಪರ ವಿರೋಧಿಗಳಾದ ಈ ಇಬ್ಬರೂ ಎರಡು ಸಂಗತಿಗಳಲ್ಲಿ ಒಂದೇ ಮತದವರು. ೧೯೯೨ರಲ್ಲಿ ಎಲ್ಲವೂ ಬದಲಾಯಿತೆಂಬುದು ಮೊದಲನೆಯದು. ಬದಲಾವಣೆಗೆ ಹಣದ ಪ್ರಮಾಣವೇ ಕಾರಣವೆಂಬುದು ಎರಡನೆಯದು. ಈ ಎರಡು ನಂಬಿಕೆಗಳೂ ಪರೀಕ್ಷೆಗೆ ನಿಲ್ಲುವುದಿಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ನಿಜವಾದ ತಿರುವು ಅದಕ್ಕೂ ಒಂಬತ್ತು ವರ್ಷ ಹಿಂದಿನದು. ಅದರ ಮೂಲವಿರುವುದು ಹಣ ಬಂದುದರಲ್ಲಿ ಅಲ್ಲ, ಬಂದ ಹಣವನ್ನು ಹಂಚುವ ನಿಯಮವನ್ನು ಬಿಟ್ಟುಕೊಟ್ಟುದರಲ್ಲಿ.

೨

ಮೊದಲು ಹಳೆಯ ವ್ಯವಸ್ಥೆಯನ್ನು ಗಮನಿಸೋಣ. ೧೮೮೮ರಲ್ಲಿ ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಎಂಬ ಜವಳಿ ವ್ಯಾಪಾರಿಯ ಪ್ರಯತ್ನದಿಂದ ೧೨ ಕ್ಲಬ್ಬುಗಳು ಕೂಡಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದವು. ಎಲ್ಲವೂ ಲ್ಯಾಂಕಷೈರ್ ಮತ್ತು ಮಧ್ಯ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳ ಕ್ಲಬ್ಬುಗಳು. ಒಂದು ಕ್ಲಬ್ಬು ತಾನೊಂದೇ ಪಂದ್ಯವನ್ನು ಆಡಲಾರದು. ಎದುರಾಳಿಯೂ ಬದುಕಿದ್ದರೆ ಮಾತ್ರ ಆಟ. ಈ ಸರಳ ಸತ್ಯವನ್ನು ಅವರು ಲೆಕ್ಕದ ಪುಸ್ತಕಕ್ಕೆ ಇಳಿಸಿದರು. ಬಾಗಿಲಲ್ಲಿ ಸಂಗ್ರಹವಾದ ಟಿಕೇಟಿನ ಹಣದಲ್ಲಿ ಅತಿಥಿ ಕ್ಲಬ್ಬಿಗೂ ಪಾಲು ಸಲ್ಲಬೇಕೆಂಬ ನಿಯಮ ಬೇರೂರಿತು. ಕಾಲಕ್ರಮದಲ್ಲಿ ಅದು ಐದರಲ್ಲೊಂದು ಪಾಲೆಂದು ಸ್ಥಿರಪಟ್ಟಿತು. ದೂರದರ್ಶನದಿಂದ ಅಲ್ಪಸ್ವಲ್ಪ ಹಣ ಬರತೊಡಗಿದ ಮೇಲೆ ಅದನ್ನೂ ನಾಲ್ಕು ವಿಭಾಗಗಳ ೯೨ ಕ್ಲಬ್ಬುಗಳಿಗೆ ಸಮನಾಗಿ ಹಂಚಲಾಗುತ್ತಿತ್ತು.

ಹೀಗೆಂದ ಮಾತ್ರಕ್ಕೆ ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ಸಲ್ಲದು. ಕ್ಲಬ್ಬುಗಳ ನಡುವೆ ಇದ್ದ ನ್ಯಾಯ ಕ್ಲಬ್ಬಿಗೂ ಆಟಗಾರನಿಗೂ ನಡುವೆ ಇರಲಿಲ್ಲ. ೧೯೬೧ರ ಜನವರಿಯವರೆಗೆ ಆಟಗಾರನ ವೇತನ ವಾರಕ್ಕೆ ೨೦ ಪೌಂಡನ್ನು ಮೀರುವಂತಿರಲಿಲ್ಲ. ಕರಾರು ಮುಗಿದರೂ ಕ್ಲಬ್ಬಿನ ಅನುಮತಿಯಿಲ್ಲದೆ ಅವನು ಬೇರೆಡೆಗೆ ಹೋಗುವಂತಿರಲಿಲ್ಲ. ಇಂದಿನ ಆಟಗಾರರ ಸಂಬಳವನ್ನು ಕಂಡು ಹುಬ್ಬೇರಿಸುವವರು ಆ ೨೦ ಪೌಂಡನ್ನೂ ಒಮ್ಮೆ ನೆನೆಯಬೇಕು. ಪ್ರೇಕ್ಷಕನ ಪಾಡೂ ಅಷ್ಟೆ. ೧೯೮೫ರ ಮೇ ತಿಂಗಳಲ್ಲಿ ಬ್ರಾಡ್‌ಫರ್ಡಿನ ಹಳೆಯ ಮರದ ಅಟ್ಟಣೆಗೆ ಬೆಂಕಿ ಬಿದ್ದು ೫೬ ಜನ ಸತ್ತರು. ೧೯೮೯ರ ಏಪ್ರಿಲಿನಲ್ಲಿ ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲು ೯೭ ಜನರನ್ನು ಬಲಿ ತೆಗೆದುಕೊಂಡಿತು. ೧೯೪೮-೪೯ರಲ್ಲಿ ಲೀಗಿನ ಪಂದ್ಯಗಳನ್ನು ನೋಡಿದವರ ಸಂಖ್ಯೆ ೪ ಕೋಟಿ ೧೦ ಲಕ್ಷವನ್ನು ಮೀರಿತ್ತು; ೧೯೮೫-೮೬ರಲ್ಲಿ ಅದು ೧ ಕೋಟಿ ೬೫ ಲಕ್ಷಕ್ಕೆ ಇಳಿಯಿತು. ಹೊಗಳುವ ಪಂಗಡದವರು ಆಟ ಸೊರಗಿತ್ತೆಂದು ಹೇಳುವುದು ಸುಳ್ಳಲ್ಲ.

೩

ಈಗ ೧೯೮೩ನೆಯ ಇಸವಿಗೆ ಬರೋಣ. ಆ ಒಂದೇ ವರ್ಷದಲ್ಲಿ ಮೂರು ಘಟನೆಗಳು ನಡೆದವು. ಮೊದಲನೆಯದಾಗಿ, ಲೀಗಿನ ಪಂದ್ಯಗಳನ್ನು ನಡೆಯುತ್ತಿರುವಾಗಲೇ ತೋರಿಸಲು ಬಿಬಿಸಿ ಮತ್ತು ಐಟಿವಿ ಸಂಸ್ಥೆಗಳೊಂದಿಗೆ ಎರಡು ವರ್ಷಕ್ಕೆ ೫೨ ಲಕ್ಷ ಪೌಂಡುಗಳ ಒಪ್ಪಂದವಾಯಿತು. ೧೯೬೦ರಲ್ಲಿ ಬ್ಲ್ಯಾಕ್‌ಪೂಲ್ ಮತ್ತು ಬೋಲ್ಟನ್ ಕ್ಲಬ್ಬುಗಳ ಪಂದ್ಯವೊಂದನ್ನು ಹಾಗೆ ತೋರಿಸಿ ನಿಲ್ಲಿಸಿದ ಮೇಲೆ, ಮೈದಾನ ಬರಿದಾದೀತೆಂಬ ಭಯದಿಂದ ಕ್ಲಬ್ಬುಗಳು ಅಲ್ಲಿಯವರೆಗೆ ಸಂಕ್ಷಿಪ್ತ ಮುದ್ರಿಕೆಗಳಿಗಷ್ಟೇ ಒಪ್ಪಿದ್ದವು. ಎರಡನೆಯದಾಗಿ, ಟಿಕೇಟಿನ ಹಣದಲ್ಲಿ ಅತಿಥಿ ಕ್ಲಬ್ಬಿಗೆ ಪಾಲು ಕೊಡುವ ಪದ್ಧತಿ ರದ್ದಾಯಿತು. ಯಾರ ಮೈದಾನವೋ ಅವರದೇ ಹಣವೆಂದಾಯಿತು. ಮೂರನೆಯದಾಗಿ, ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ಬು ತನ್ನ ಷೇರುಗಳನ್ನು ಲಂಡನ್ನಿನ ಷೇರುಪೇಟೆಗೆ ಇಳಿಸಿತು. ಕ್ಲಬ್ಬಿನ ಲಾಭಾಂಶಕ್ಕೆ ಮಿತಿ ಹಾಕುವ ನಿಯಮವೊಂದು ಫುಟ್‌ಬಾಲ್ ಅಸೋಸಿಯೇಷನ್ನಿನಲ್ಲಿ ಬಹುಕಾಲದಿಂದ ಇದ್ದಿತು. ಕ್ಲಬ್ಬಿನ ಮೇಲೊಂದು ಒಡೆತನದ ಕಂಪನಿಯನ್ನು ಕೂರಿಸಿದರೆ ಆ ನಿಯಮ ಅದಕ್ಕೆ ತಾಗುವುದಿಲ್ಲವೆಂಬ ಉಪಾಯವನ್ನು ಟಾಟೆನ್‌ಹ್ಯಾಮ್ ಕಂಡುಕೊಂಡಿತು, ಅಸೋಸಿಯೇಷನ್ ಸುಮ್ಮನಿದ್ದಿತು.

ಹಣದ ಪ್ರಮಾಣವನ್ನು ನೋಡಿದರೆ ಇವು ಅಲ್ಪ ಸಂಗತಿಗಳು. ಆದರೆ ತತ್ತ್ವವನ್ನು ನೋಡಿದರೆ ೧೮೮೮ರ ಒಡಂಬಡಿಕೆ ಮುರಿದದ್ದು ಇಲ್ಲಿಯೇ. ಎದುರಾಳಿಯೂ ಪಂದ್ಯದ ಸಹಕರ್ತನೆಂಬ ಭಾವನೆ ಹೋಗಿ, ಆಟವು ಮೈದಾನದ ಒಡೆಯನ ಸ್ವತ್ತೆಂಬ ಭಾವನೆ ಬಂದಿತು. ಮುಂದಿನ ಹೆಜ್ಜೆಗಳೆಲ್ಲ ಇದರಿಂದ ತಾವಾಗಿಯೇ ಹೊರಟವು. ೧೯೮೫ರಲ್ಲಿ ದೂರದರ್ಶನದವರೊಂದಿಗೆ ಚೌಕಾಸಿ ಮುರಿದುಬಿದ್ದು, ಆ ವರ್ಷದ ಕೊನೆಯವರೆಗೆ ಲೀಗಿನ ಆಟ ತೆರೆಯ ಮೇಲೆ ಕಾಣದಾಯಿತು. ಅದೇ ವೇಳೆಗೆ ಪ್ರತ್ಯೇಕವಾಗಿ ಹೋಗುವೆವೆಂದು ದೊಡ್ಡ ಕ್ಲಬ್ಬುಗಳು ಬೆದರಿಸಿದುವು. ಮೊದಲನೆಯ ವಿಭಾಗಕ್ಕೆ ದೂರದರ್ಶನದ ಹಣದಲ್ಲಿ ಅರ್ಧ ಪಾಲು ಕೊಡಲು ಲೀಗು ಒಪ್ಪಿತು. ೧೯೮೮ರಲ್ಲಿ ಐಟಿವಿಯೊಡನೆ ನಾಲ್ಕು ವರ್ಷಕ್ಕೆ ೪ ಕೋಟಿ ೪೦ ಲಕ್ಷ ಪೌಂಡುಗಳ ಒಪ್ಪಂದವಾದಾಗ ಆ ಪಾಲು ಮುಕ್ಕಾಲಾಯಿತು. ೧೯೯೨ರಲ್ಲಿ ಅದು ಪೂರ್ಣವೇ ಆಯಿತು. ತೊಂಬತ್ತೆರಡರಲ್ಲಿ ಒಂದು ಪಾಲು, ಬಳಿಕ ಅರ್ಧ, ಬಳಿಕ ಮುಕ್ಕಾಲು, ಕೊನೆಗೆ ಸಮಸ್ತ: ಈ ಮೆಟ್ಟಿಲುಗಳನ್ನು ಕಂಡವನಿಗೆ ೧೯೯೨ನೆಯ ಇಸವಿಯು ಆರಂಭವಾಗಿ ಕಾಣದು, ಕೊನೆಯ ಮೆಟ್ಟಿಲಾಗಿ ಕಾಣುತ್ತದೆ. ಉಪಗ್ರಹ ದೂರದರ್ಶನದವರು ಬರುವ ಮೊದಲೇ ಮನೆ ಪಾಲಾಗಿ ಹೋಗಿದ್ದಿತು. ಅವರು ಬಂದು ಹಿರಿಯ ಪಾಲುದಾರನೊಡನೆ ವ್ಯಾಪಾರ ಕುದುರಿಸಿದರು, ಅಷ್ಟೆ.

೪

೧೯೯೨ರ ಮೇ ೧೮ರ ಸಭೆಯಲ್ಲಿ ನಡೆದುದನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಐದು ವರ್ಷಗಳಿಗೆ ಒಟ್ಟು ೩೦ ಕೋಟಿ ೪೦ ಲಕ್ಷ ಪೌಂಡುಗಳದೆಂದು ಪ್ರಕಟವಾದ ಸ್ಕೈ ಮತ್ತು ಬಿಬಿಸಿಗಳ ಜಂಟಿ ಕೊಡುಗೆಯ ಪರವಾಗಿ ೧೪ ಕ್ಲಬ್ಬುಗಳು, ಐಟಿವಿಯ ಪರವಾಗಿ ೬ ಕ್ಲಬ್ಬುಗಳು ಮತ ಕೊಟ್ಟವು. ೨ ಕ್ಲಬ್ಬುಗಳು ತಟಸ್ಥವಾಗಿದ್ದವು. ಐಟಿವಿಯ ಪರವಾಗಿ ನಿಂತವುಗಳಲ್ಲಿ ಲಿವರ್‌ಪೂಲ್, ಎವರ್ಟನ್, ಆರ್ಸೆನಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಇದ್ದವೆಂಬುದು ಗಮನಾರ್ಹ. ಹಿಂದಿನ ನಾಲ್ಕು ವರ್ಷ ಐಟಿವಿಯು ದೊಡ್ಡವರ ಪಂದ್ಯಗಳನ್ನೇ ಹೆಚ್ಚಾಗಿ ತೋರಿಸಿತ್ತು. ಆ ಕಹಿಯನ್ನು ಉಂಡಿದ್ದ ಮೇಲಿನ ವಿಭಾಗದ ಚಿಕ್ಕ ಕ್ಲಬ್ಬುಗಳು, ಕ್ಲಬ್ಬಿಗೊಂದು ಮತವೆಂಬ ನಿಯಮದ ಬಲದಿಂದ, ದೊಡ್ಡವರ ಇಚ್ಛೆಯನ್ನು ಮೀರಿ ಸ್ಕೈಯನ್ನು ಆರಿಸಿದವು. ಸ್ವದೇಶದ ಪ್ರಸಾರದ ಹಣವನ್ನು ಹಂಚುವ ಸೂತ್ರವೂ ಅದೇ ನಿಯಮದ ಆಶ್ರಯದಲ್ಲಿ ನಿಂತಿತು: ಅರ್ಧ ಭಾಗ ಎಲ್ಲರಿಗೂ ಸಮನಾಗಿ, ಕಾಲು ಭಾಗ ಪಟ್ಟಿಯಲ್ಲಿ ಪಡೆದ ಸ್ಥಾನಕ್ಕೆ ತಕ್ಕಂತೆ, ಉಳಿದ ಕಾಲು ಭಾಗ ತೆರೆಯ ಮೇಲೆ ತೋರಿಸಿದ ಪಂದ್ಯಗಳ ಸಂಖ್ಯೆಗೆ ತಕ್ಕಂತೆ.

ಈ ಸಾಮೂಹಿಕ ಮಾರಾಟವು ಸ್ಪರ್ಧೆಗೆ ವಿರುದ್ಧವೆಂದು ಸರ್ಕಾರದ ವ್ಯಾಪಾರ ನಿಯಂತ್ರಣ ಕಚೇರಿ ನ್ಯಾಯಾಲಯಕ್ಕೆ ಹೋಯಿತು. ೧೯೯೯ರಲ್ಲಿ ನ್ಯಾಯಾಲಯ ಲೀಗಿನ ಪರವಾಗಿ ತೀರ್ಪು ಕೊಟ್ಟಿತು. ಒಟ್ಟಾಗಿ ಮಾರಿದರೆ ಹಣವನ್ನು ಕ್ಲಬ್ಬುಗಳ ನಡುವೆ ನ್ಯಾಯವಾಗಿ ಹಂಚಲು ಸಾಧ್ಯವಾಗುತ್ತದೆಂಬುದು ಅಲ್ಲಿ ಮನ್ನಣೆ ಪಡೆದ ವಾದಗಳಲ್ಲಿ ಒಂದು. ಹಂಚಿಕೆಯ ತತ್ತ್ವವನ್ನು ಹೊರಗಿನವರಿಗೆ ನಿರಾಕರಿಸಿ ಹುಟ್ಟಿದ ಸಂಸ್ಥೆಯು, ಒಳಗಿನ ಹಂಚಿಕೆಯನ್ನೇ ತನ್ನ ರಕ್ಷಣೆಯಾಗಿ ಮುಂದಿಟ್ಟಿತು. ಸ್ಪೇನಿನಲ್ಲಿ ೨೦೧೫ರ ಶಾಸನ ಬರುವವರೆಗೆ ಪ್ರತಿ ಕ್ಲಬ್ಬೂ ತನ್ನ ಹಕ್ಕನ್ನು ತಾನೇ ಮಾರಿಕೊಳ್ಳುತ್ತಿದ್ದುದರಿಂದ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸೆಲೋನಗಳು ಉಳಿದವರನ್ನು ಬಹುದೂರ ಹಿಂದೆ ಹಾಕಿದ್ದವು. ಅದಕ್ಕೆ ಹೋಲಿಸಿದರೆ ಇಂಗ್ಲೆಂಡಿನ ಸೂತ್ರ ಉತ್ತಮವೆಂದೇ ಹೇಳಬೇಕು. ಆದಕಾರಣ, ದೂರದರ್ಶನದ ಹಣ ಬಂದೊಡನೆ ಅಸಮತೆ ಬರಲೇಬೇಕೆಂಬ ವಾದ ನಿಲ್ಲುವುದಿಲ್ಲ. ಗೋಡೆಯ ಒಳಗೆ ಸಮತೆಯುಂಟು, ಅನ್ಯಾಯವಿರುವುದು ಗೋಡೆಯಲ್ಲಿ.

೫

ಹಣದಿಂದ ಸ್ಪರ್ಧೆ ಹೆಚ್ಚಿತೆಂಬ ಮಾತನ್ನೂ ಪರೀಕ್ಷಿಸಬೇಕು. ೧೯೯೩ರಿಂದ ೨೦೨೫ರವರೆಗಿನ ೩೩ ಋತುಗಳಲ್ಲಿ ಪ್ರಶಸ್ತಿ ಪಡೆದ ಕ್ಲಬ್ಬುಗಳು ೭. ಅದಕ್ಕೆ ಹಿಂದಿನ, ಅಂದರೆ ೧೯೬೦ರಿಂದ ೧೯೯೨ರವರೆಗಿನ ೩೩ ಋತುಗಳಲ್ಲಿ ಪ್ರಶಸ್ತಿ ಪಡೆದವು ೧೨. ಬರ್ನ್‌ಲಿ, ಇಪ್ಸ್‌ವಿಚ್, ಡಾರ್ಬಿ, ನಾಟಿಂಗ್‌ಹ್ಯಾಮ್ ಮೊದಲಾದ ಸಾಮಾನ್ಯ ಪಟ್ಟಣಗಳ ಹೆಸರು ಹಿಂದಿನ ಪಟ್ಟಿಯಲ್ಲಿವೆ. ಇಪ್ಸ್‌ವಿಚ್ ೧೯೬೨ರಲ್ಲಿ, ನಾಟಿಂಗ್‌ಹ್ಯಾಮ್ ಫಾರೆಸ್ಟ್ ೧೯೭೮ರಲ್ಲಿ, ಕೆಳಗಿನ ವಿಭಾಗದಿಂದ ಮೇಲೆ ಬಂದ ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದವು. ೨೦೧೬ರ ಲೆಸ್ಟರಿನ ವಿಜಯವನ್ನು ಹೊಗಳುವವರು ಎತ್ತಿ ತೋರಿಸುವುದು ಸಹಜ. ಆದರೆ ಜಗತ್ತು ಅದನ್ನು ಪವಾಡವೆಂದು ಕರೆಯಿತೆಂಬುದೇ ಅದು ಎಷ್ಟು ಅಪರೂಪವೆಂಬುದಕ್ಕೆ ಸಾಕ್ಷಿ. ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ವಿಮರ್ಶೆ ಏಕಮುಖವಾದೀತು. ೧೯೭೬ರಿಂದ ೧೯೯೦ರವರೆಗಿನ ೧೫ ಋತುಗಳಲ್ಲಿ ಲಿವರ್‌ಪೂಲ್ ೧೦ ಸಲ ಗೆದ್ದಿತ್ತು. ಆಗ ದೂರದರ್ಶನದ ಹಣ ಅತ್ಯಲ್ಪ. ಪ್ರಾಬಲ್ಯಕ್ಕೆ ಅನೇಕ ಕಾರಣಗಳಿರುತ್ತವೆ. ಪಾಲಿನ ನಿಯಮ ಅವುಗಳಲ್ಲಿ ಒಂದು ಮಾತ್ರ.

ಗೋಡೆಯ ಪರಿಣಾಮ ಸ್ಪಷ್ಟವಾಗಿ ಕಾಣುವುದು ಪಟ್ಟಿಯ ತುದಿಯಲ್ಲಿ ಅಲ್ಲ, ಬುಡದಲ್ಲಿ. ಕೆಳಗಿನಿಂದ ಮೇಲೆ ಬಂದ ಮೂರೂ ಕ್ಲಬ್ಬುಗಳು ಅದೇ ಋತುವಿನಲ್ಲಿ ಮರಳಿ ಕೆಳಗೆ ಬಿದ್ದುದು ಪ್ರೀಮಿಯರ್ ಲೀಗಿನಲ್ಲಿ ೧೯೯೮ರಲ್ಲಿ ಒಮ್ಮೆ ನಡೆದಿತ್ತು. ೨೦೨೪ ಮತ್ತು ೨೦೨೫ರಲ್ಲಿ ಸತತವಾಗಿ ಎರಡು ವರ್ಷ ಅದೇ ನಡೆಯಿತು. ಬಿದ್ದವರಿಗೆ ಆಘಾತ ತಗ್ಗಲೆಂದು ಕೆಲವು ವರ್ಷ ಕೊಡುವ ಪರಿಹಾರದ ಹಣಕ್ಕೆ ಅಲ್ಲಿ ಪ್ಯಾರಾಚೂಟ್ ಹಣವೆಂದು ಹೆಸರು. ಅದು ಬಿದ್ದವರನ್ನು ಕಾಪಾಡುತ್ತದೆ, ನಿಜ. ಆದರೆ ಎಂದೂ ಮೇಲೇರದೆ ಕೆಳಗೇ ಉಳಿದವರಿಗಿಂತ ಅವರನ್ನು ಬಲಿಷ್ಠರನ್ನಾಗಿಯೂ ಮಾಡುತ್ತದೆ. ಅವರನ್ನು ಸರಿಗಟ್ಟಬೇಕೆಂದು ಉಳಿದವರು ತಮ್ಮ ಆದಾಯವನ್ನು ಮೀರಿ ಖರ್ಚು ಮಾಡುತ್ತಾರೆ. ಹೀಗೆ ಗೋಡೆಯ ಎತ್ತರವೇ ಜೂಜಿಗೆ ಆಹ್ವಾನವಾಗುತ್ತದೆ.

ಕೆಳಗಿನವರು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳಬಹುದಿತ್ತಲ್ಲವೆ ಎಂದು ಕೇಳುವವರಿಗೆ ಐಟಿವಿ ಡಿಜಿಟಲ್ ಪ್ರಕರಣ ಉತ್ತರ ಹೇಳುತ್ತದೆ. ಆ ಕಂಪನಿಯು ಫುಟ್‌ಬಾಲ್ ಲೀಗಿನ ಹಕ್ಕನ್ನು ೨೦೦೧ರಿಂದ ಮೂರು ವರ್ಷಕ್ಕೆ ೩೧ ಕೋಟಿ ೫೦ ಲಕ್ಷ ಪೌಂಡಿಗೆ ಕೊಂಡಿತು. ೨೦೦೨ರಲ್ಲಿ, ಇನ್ನೂ ೧೭ ಕೋಟಿ ೮೦ ಲಕ್ಷ ಪೌಂಡು ಕೊಡುವುದಿರುವಾಗಲೇ, ಅದು ಮುಳುಗಿಹೋಯಿತು. ಅದರ ಒಡೆಯರಾದ ಕಾರ್ಲ್‌ಟನ್ ಮತ್ತು ಗ್ರನಾಡ ಕಂಪನಿಗಳಿಂದ ಲೀಗಿನವರು ಸಹಿಯಾದ ಜಾಮೀನನ್ನು ಪಡೆದಿರಲಿಲ್ಲವಾದುದರಿಂದ ನ್ಯಾಯಾಲಯದಲ್ಲೂ ಸೋತರು. ಬರಲಿರುವ ಹಣವನ್ನು ನಂಬಿ ಆಟಗಾರರೊಂದಿಗೆ ಕರಾರು ಮಾಡಿಕೊಂಡಿದ್ದ ಕ್ಲಬ್ಬುಗಳು ಸಾಲದಲ್ಲಿ ಸಿಕ್ಕಿಕೊಂಡವು. ಕೆಲವು ದಿವಾಳಿಯ ಅಂಚಿಗೆ ಬಂದವು.

ಬರಿ ಎಂಬ ಊರಿನ ಕಥೆ ಇನ್ನೂ ಮನಸ್ಸಿಗೆ ನಾಟುವಂಥದು. ಮ್ಯಾಂಚೆಸ್ಟರಿನ ನೆರೆಯ ಈ ಹತ್ತಿಗಿರಣಿಗಳ ಪಟ್ಟಣದ ಕ್ಲಬ್ಬು ೧೮೯೪ರಲ್ಲಿ ಲೀಗನ್ನು ಸೇರಿತ್ತು. ೧೯೦೩ರ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಅದು ಡಾರ್ಬಿಯನ್ನು ೬-೦ ಅಂತರದಿಂದ ಸೋಲಿಸಿ ಸ್ಥಾಪಿಸಿದ ದಾಖಲೆಯನ್ನು ೧೧೬ ವರ್ಷ ಯಾರೂ ಸರಿಗಟ್ಟಲಿಲ್ಲ. ೨೦೧೯ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿ ಅದೇ ೬-೦ ಅಂತರದಿಂದ ಗೆದ್ದು ಆ ದಾಖಲೆಯನ್ನು ಸರಿಗಟ್ಟಿತು. ಅದೇ ವರ್ಷದ ಆಗಸ್ಟಿನಲ್ಲಿ, ಹಣಕಾಸಿನ ಸಾಮರ್ಥ್ಯವನ್ನು ತೋರಿಸಲಾರದೆ ಹೋದುದಕ್ಕಾಗಿ, ಬರಿ ಕ್ಲಬ್ಬನ್ನು ಲೀಗಿನಿಂದ ಹೊರಹಾಕಲಾಯಿತು. ಅದರ ಪತನಕ್ಕೆ ಆಡಳಿತದ ದೋಷವೇ ಹತ್ತಿರದ ಕಾರಣವೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪ್ರೀಮಿಯರ್ ಲೀಗಿನ ಸ್ವದೇಶದ ಹಕ್ಕುಗಳು ಮೂರು ವರ್ಷಕ್ಕೆ ೫೧೩ ಕೋಟಿ ಪೌಂಡಿಗೆ ಮಾರಾಟವಾಗಿದ್ದ ಅವಧಿಯ ಬೆನ್ನಿಗೇ, ನೂರ ಇಪ್ಪತ್ತೈದು ವರ್ಷದ ಸದಸ್ಯನೊಬ್ಬನು ಅಳಿದುಹೋದನೆಂಬುದು ವ್ಯವಸ್ಥೆಯನ್ನೂ ಕುರಿತು ಏನನ್ನೋ ಹೇಳುತ್ತದೆ.

೬

ಕೊನೆಯದಾಗಿ ಅಭಿಮಾನಿಯ ವಿಷಯ. ಪ್ರಸಾರದ ಹಣವನ್ನು ಕುರಿತ ಬರಹಗಳಲ್ಲಿ ಅವನನ್ನು ಗಿರಾಕಿಯೆಂದು ಎಣಿಸುವುದು ವಾಡಿಕೆ. ಟಿಕೇಟಿಗೂ ತೆರೆಗೂ ಅವನು ಹಣ ಕೊಡುತ್ತಾನೆ. ಬದಲಿಗೆ ಆಟ ಪಡೆಯುತ್ತಾನೆ. ಈ ಎಣಿಕೆ ಎಷ್ಟು ಅಪೂರ್ಣವೆಂಬುದನ್ನು ೨೦೨೦ನೆಯ ಇಸವಿ ತೋರಿಸಿತು. ಸಾಂಕ್ರಾಮಿಕದ ಕಾರಣ ಆ ವರ್ಷದ ಜೂನಿನಲ್ಲಿ ಬರಿದಾದ ಮೈದಾನಗಳಲ್ಲಿ ಪಂದ್ಯಗಳು ಮತ್ತೆ ಆರಂಭವಾದಾಗ, ಪ್ರಸಾರಕರು ಜನರ ಕೂಗಿನ ಕೃತಕ ಧ್ವನಿಯನ್ನು ಸೇರಿಸಬೇಕಾಯಿತು. ಅವರು ಕೊಂಡದ್ದು ಇಪ್ಪತ್ತೆರಡು ಜನರ ಆಟವನ್ನು ಮಾತ್ರವಲ್ಲ, ಅದರ ಸುತ್ತ ನೆರೆದ ಸಾವಿರಾರು ಜನರ ಉತ್ಸಾಹವನ್ನೂ ಕೂಡ. ಹೀಗಿರುವಲ್ಲಿ ಪ್ರೇಕ್ಷಕನು ಸರಕಿನ ಉತ್ಪಾದಕರಲ್ಲಿ ಒಬ್ಬ. ತಾನೂ ಸೇರಿ ತಯಾರಿಸಿದ ಸರಕಿಗೆ ತಾನೇ ಬೆಲೆ ತೆರುವವನು.

ಆ ಸರಕಿನ ವೇಳಾಪಟ್ಟಿಯ ಮೇಲೆ ಅವನಿಗೆ ಅಧಿಕಾರವಿಲ್ಲ. ಶನಿವಾರ ಮಧ್ಯಾಹ್ನ ಮೂರು ಗಂಟೆಯೆಂಬ ಪರಂಪರೆಯ ಹೊತ್ತು ಭಾನುವಾರಕ್ಕೆ, ಸೋಮವಾರದ ರಾತ್ರಿಗೆ ಚದರಿಹೋಗಿದೆ. ದೂರದ ಊರಿಗೆ ತಂಡದ ಹಿಂದೆ ಹೋದವನಿಗೆ ಮರಳುವ ರೈಲು ಸಿಗದಿದ್ದರೆ ಅದು ಅವನ ಪಾಡು. ಒಬ್ಬನೇ ಪ್ರಸಾರಕನು ಎಲ್ಲ ನೇರ ಪಂದ್ಯಗಳನ್ನು ಕೊಳ್ಳಬಾರದೆಂದು ಯುರೋಪಿಯನ್ ಆಯೋಗದ ಒತ್ತಾಯದಿಂದ ೨೦೦೭ರ ಋತುವಿನಿಂದ ನಿಯಮ ಬಂದಿತು. ಸ್ಪರ್ಧೆಯಿಂದ ನೋಡುವವನಿಗೆ ಲಾಭವೆಂಬುದು ಅದರ ಉದ್ದೇಶ. ಫಲವಾಗಿ, ಒಂದೆಡೆ ಚಂದಾ ಕೊಡುತ್ತಿದ್ದವನು ಎರಡು ಕಡೆ ಕೊಡುವಂತಾಯಿತು. ಮೈದಾನಗಳಿಗೆ ಜನ ಬರಲೆಂದು ಶನಿವಾರ ಮಧ್ಯಾಹ್ನದ ಪಂದ್ಯಗಳ ನೇರ ಪ್ರಸಾರವನ್ನು ಬ್ರಿಟನ್ನಿನೊಳಗೆ ಇಂದಿಗೂ ತಡೆಹಿಡಿಯಲಾಗಿದೆ. ಹೊರದೇಶಗಳಿಗೆ ಆ ತಡೆಯಿಲ್ಲ. ಆದುದರಿಂದ ಮ್ಯಾಂಚೆಸ್ಟರಿನ ನಿವಾಸಿ ತನ್ನ ಮನೆಯ ತೆರೆಯಲ್ಲಿ ಕಾಣಲಾರದ ಪಂದ್ಯವನ್ನು ಬೆಂಗಳೂರಿನ ವಿದ್ಯಾರ್ಥಿ ರಾತ್ರಿಯ ಊಟದ ಹೊತ್ತಿಗೆ ಕಾಣಬಲ್ಲನು. ೨೦೨೨ರಿಂದ ೨೦೨೫ರವರೆಗಿನ ಅವಧಿಯಲ್ಲಿ ಹೊರದೇಶಗಳ ಹಕ್ಕಿನ ಹಣವು ಸ್ವದೇಶದ ಹಣವನ್ನು ಮೀರಿತು. ಈ ಲೆಕ್ಕದಲ್ಲಿ ನಮ್ಮ ವಿದ್ಯಾರ್ಥಿಗಳೂ ಅಜ್ಞಾತ ಪಾಲುದಾರರು.

ಆದರೂ ಅಭಿಮಾನಿಯನ್ನು ಕೇವಲ ಅಸಹಾಯನೆಂದು ಚಿತ್ರಿಸುವುದು ಇತಿಹಾಸಕ್ಕೆ ದ್ರೋಹ. ೨೦೧೬ರ ಫೆಬ್ರವರಿಯಲ್ಲಿ ೭೭ ಪೌಂಡಿನ ಟಿಕೇಟನ್ನು ವಿರೋಧಿಸಿ ಲಿವರ್‌ಪೂಲಿನ ಸಾವಿರಾರು ಪ್ರೇಕ್ಷಕರು ಪಂದ್ಯದ ೭೭ನೆಯ ನಿಮಿಷದಲ್ಲಿ ಎದ್ದು ಹೊರನಡೆದರು. ಒಡೆಯರು ಆ ದರವನ್ನು ಹಿಂತೆಗೆದುಕೊಂಡರು. ಅದೇ ವರ್ಷ, ಹೊರ ಊರಿನಿಂದ ಬರುವ ಪ್ರೇಕ್ಷಕರ ಟಿಕೇಟು ೩೦ ಪೌಂಡನ್ನು ಮೀರಬಾರದೆಂದು ಪ್ರೀಮಿಯರ್ ಲೀಗು ಒಪ್ಪಿತು. ೨೦೨೦ರ ಅಕ್ಟೋಬರಿನಲ್ಲಿ ಪಂದ್ಯವೊಂದಕ್ಕೆ ೧೪ ಪೌಂಡು ೯೫ ಪೆನ್ಸಿನಂತೆ ಪ್ರತ್ಯೇಕ ಶುಲ್ಕ ವಿಧಿಸಿದಾಗ, ಅನೇಕ ಊರುಗಳ ಅಭಿಮಾನಿಗಳು ಆ ಹಣವನ್ನು ಬಡವರಿಗೆ ಆಹಾರ ಕೊಡುವ ಸಂಸ್ಥೆಗಳಿಗೆ ಅರ್ಪಿಸಿದರು. ಮುಂದಿನ ತಿಂಗಳಲ್ಲೇ ಆ ಏರ್ಪಾಡು ಕೈಬಿಟ್ಟುಹೋಯಿತು. ೨೦೨೧ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಆರು ದೊಡ್ಡ ಕ್ಲಬ್ಬುಗಳು ಯುರೋಪಿನ ಸೂಪರ್ ಲೀಗನ್ನು ಸೇರಲು ಹೊರಟಾಗ, ಬೀದಿಗಿಳಿದ ಜನರ ಎದುರಿನಲ್ಲಿ ಆ ಯೋಜನೆ ಮೂರು ದಿನವೂ ಬಾಳಲಿಲ್ಲ. ಜರ್ಮನಿಯಲ್ಲಿ ಕ್ಲಬ್ಬಿನ ಮತಾಧಿಕಾರದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬುದು ಸಾಮಾನ್ಯ ನಿಯಮ. ಅಲ್ಲಿ ಪ್ರೇಕ್ಷಕರ ವಿರೋಧದ ಫಲವಾಗಿ ಸೋಮವಾರದ ಪಂದ್ಯಗಳು ೨೦೨೧-೨೨ರ ಋತುವಿನಿಂದ ನಿಂತುಹೋದವು.

೭

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯ ಇಷ್ಟು. ದೂರದರ್ಶನದ ಹಣವು ತಾನಾಗಿ ಉಪಕಾರಿಯೂ ಅಲ್ಲ, ಅಪಕಾರಿಯೂ ಅಲ್ಲ. ಅದು ಬರುವ ಹೊತ್ತಿಗೆ ಮನೆಯಲ್ಲಿ ಯಾವ ನ್ಯಾಯ ನಡೆಯುತ್ತಿರುತ್ತದೋ ಆ ನ್ಯಾಯವನ್ನು ಅದು ದೊಡ್ಡದು ಮಾಡಿ ತೋರಿಸುತ್ತದೆ. ೧೯೮೩ಕ್ಕೆ ಹಿಂದಿನ ಹಂಚಿಕೆಯ ಮೇಲೆ ಅಷ್ಟು ಹಣ ಬಿದ್ದಿದ್ದರೆ ಬೇರೆ ಇತಿಹಾಸವನ್ನು ಬರೆಯಬೇಕಾಗುತ್ತಿತ್ತು. ಹೊಗಳುವ ಪಂಗಡದವರು ಹಣದ ಮೊತ್ತವನ್ನು ಎಣಿಸುತ್ತಾರೆ. ಮರುಗುವ ಪಂಗಡದವರೂ ಅದನ್ನೇ ಎಣಿಸುತ್ತಾರೆ. ಪಾಲನ್ನು ಎಣಿಸುವ ಕೆಲಸ ಇಬ್ಬರಿಂದಲೂ ಉಳಿದುಹೋಗಿದೆ.

ಈ ಪಾಲಿನ ಪ್ರಶ್ನೆ ಕಡೆಗೆ ಪಾರ್ಲಿಮೆಂಟಿನ ಬಾಗಿಲನ್ನು ತಟ್ಟಿತು. ೨೦೨೫ರ ಜುಲೈಯಲ್ಲಿ ಅಂಗೀಕಾರ ಪಡೆದ ಕಾಲ್ಚೆಂಡಾಟದ ಆಡಳಿತ ಶಾಸನವು ಸ್ವತಂತ್ರ ನಿಯಂತ್ರಕನನ್ನು ನೇಮಿಸಲು ಅವಕಾಶ ಮಾಡಿತು. ಮೇಲಿನ ಲೀಗೂ ಕೆಳಗಿನ ಲೀಗೂ ಹಣದ ಹಂಚಿಕೆಯಲ್ಲಿ ಒಮ್ಮತಕ್ಕೆ ಬಾರದಿದ್ದಲ್ಲಿ ನಡುವೆ ಪ್ರವೇಶಿಸುವ ಅಧಿಕಾರವನ್ನೂ ಅದು ಅವನಿಗೆ ಕೊಟ್ಟಿದೆ. ೧೮೮೮ರಲ್ಲಿ ಹನ್ನೆರಡು ಕ್ಲಬ್ಬುಗಳು ತಾವೇ ಒಪ್ಪಿ ನಡೆಸಿಕೊಂಡುಬಂದ ಸಂಗತಿಗೆ ಈಗ ಶಾಸನದ ಬಲ ಬೇಕಾಗಿದೆ. ಮೇಲಿನ ಲೀಗು ೨೦೨೫ರಿಂದ ನಾಲ್ಕು ವರ್ಷಕ್ಕೆ ಸ್ವದೇಶದ ಹಕ್ಕುಗಳನ್ನು ೬೭೦ ಕೋಟಿ ಪೌಂಡಿಗೆ ಮಾರಿದೆ. ಆ ಅಂಕಿಯನ್ನು ಕಂಡು ಬೆರಗಾಗುವ ಮೊದಲು, ಅದು ಯಾರ ಯಾರ ನಡುವೆ, ಯಾವ ನಿಯಮದಂತೆ, ಯಾರ ಒಪ್ಪಿಗೆಯಿಂದ ಹಂಚಿಕೆಯಾಗುತ್ತದೆಂದು ಕೇಳುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯ. ರಾಜ್ಯಗಳ ಬೊಕ್ಕಸವನ್ನು ಕುರಿತು ನಾವು ಕೇಳುವ ಪ್ರಶ್ನೆಯೂ ಇದೇ. ಆಟದ ಬೊಕ್ಕಸಕ್ಕೆ ಬೇರೆ ಅಳತೆಗೋಲು ಬೇಕಾಗಿಲ್ಲ.